ಪರಪ್ಪ ಕೊಟ್ಟ ಎರಡು ರಾಜೀನಾಮೆ

ಇಂಡಿ ಊರಿನ ತಾಲೂಕು ಕಚೇರಿಯ ಎದುರು, ಬೇವಿನ ಮರದ ಕೆಳಗೆ, ಅರ್ಜಿ, ಕರಾರುಪತ್ರ ಬರೆದುಕೊಡುವ ಬಾಂಡ್ ರೈಟರ್ ಪರಪ್ಪ ಮೂವತ್ತು ವರ್ಷದಿಂದ ಕೂತಿದ್ದಾನೆ ಅಂತ ಎಲ್ಲರೂ ಹೇಳುತ್ತಾರೆ. ಕೂತಿದ್ದಾನೆ ಅನ್ನುವುದು ದೊಡ್ಡ ಮಾತು. ಕುರ್ಚಿ ಇದೆ, ಅದರ ಮೇಲೆ ಅವನೂ ಇರುತ್ತಾನೆ, ಅಷ್ಟೇ. ಕಾಲು ಕುಣಿಯುತ್ತಲೇ ಇರುತ್ತದೆ, ಪೆನ್ನಿನ ಮುಚ್ಚಳ ತೆಗೆಯುತ್ತಾನೆ, ಹಾಕುತ್ತಾನೆ, ಮತ್ತೆ ತೆಗೆಯುತ್ತಾನೆ. ಚಹಾ ಹೇಳಿದರೆ ಬರುವ ತನಕ ತಡೆಯದೆ ತಾನೇ ಅಂಗಡಿಗೆ ಹೋಗಿ ನಿಲ್ಲುತ್ತಾನೆ, ಅಷ್ಟರಲ್ಲಿ ಚಹಾ ಇತ್ತ ಮರದ ಕೆಳಗೆ ಬಂದು ಆರುತ್ತಿರುತ್ತದೆ. ಐವತ್ನಾಲ್ಕು ವಯಸ್ಸಾದರೂ ಹೆಂಡತಿ ಗುಂಡವ್ವ ಬೈಯುವುದು ಇದೊಂದಕ್ಕೇ.

ಈ ವರ್ಷ ಕಾರ ಹುಣ್ಣಿಮೆ ಮುಗಿದ ಮೇಲಂತೂ ಅವನ ಚಡಪಡಿಕೆ ಮಿತಿ ಮೀರಿತು. ಕಾರಣ ಅಂಗಿಯ ಜೇಬಿನಲ್ಲಿದ್ದ ಫೋನು. ಫೋನಿನೊಳಗೆ ಚದುರಂಗ. ಚದುರಂಗದ ಆಚೆ ತುದಿಯಲ್ಲಿ ಅವನ ಮಾವ, ಅಂದರೆ ಅಕ್ಕ ಲಕ್ಕವ್ವನ ಗಂಡ, ಗೊಳಸಂಗಿಯ ಶಂಕ್ರೆಪ್ಪ.

ಶಂಕ್ರೆಪ್ಪ ನಿವೃತ್ತ ಪೋಸ್ಟ್‌ಮನ್. ಅವಸರ ಅನ್ನುವುದನ್ನೇ ಅರಿಯದ ಮನುಷ್ಯ. ಪರಪ್ಪನಿಗೆ ಹತ್ತನೆಯ ವಯಸ್ಸಿನಲ್ಲಿ ಆನೆ, ಕುದುರೆ, ಒಂಟೆ, ವಜೀರ, ಪ್ಯಾದೆ ಅಂತ ಒಂದೊಂದೇ ಕಾಯಿ ತೋರಿಸಿ ಆಟ ಕಲಿಸಿದವನೂ ಅವನೇ. ಆಟದ ಜೊತೆಗೆ ಒಂದು ಕಟ್ಟಳೆಯನ್ನೂ ಕಲಿಸಿದ್ದ. ಎದುರಿನವನು ರಾಜನನ್ನು ಕಟ್ಟಿಹಾಕಿ ‘ಮಾತ್’ ಅನ್ನುವ ತನಕ ಕೂತಿರಬೇಕು, ಸೋಲು ಕಂಡಿತು ಅಂತ ನಡುವೆ ಎದ್ದು ಹೋಗಬಾರದು. ಪಂಕ್ತಿಯಲ್ಲಿ ಅರ್ಧ ಊಟಕ್ಕೆ ಏಳುವುದು ಎಷ್ಟು ಅಗೌರವವೋ ಇದೂ ಅಷ್ಟೇ ಅನ್ನುತ್ತಿದ್ದ.

ಇಬ್ಬರೂ ಮಾತು ಬಿಟ್ಟು ಒಂಬತ್ತು ವರ್ಷವಾಗಿತ್ತು. ಹೊಲ ಮನೆ ಯಾವ ತಂಟೆಯೂ ಇರಲಿಲ್ಲ. ಪರಪ್ಪನ ಹೊಸ ಮನೆಯ ವಾಸ್ತು ಶಾಂತಿಯ ದಿನ, ಊಟಕ್ಕೆ ಇನ್ನೂ ಹೊತ್ತಿದೆ ಅಂತ ಮಾವ ಅಳಿಯ ಮಣೆ ಹಾಕಿ ಕೂತಿದ್ದರು. ಶಂಕ್ರೆಪ್ಪನ ಆಟ ಪೂರ್ತಿ ಹಾಳಾಗಿತ್ತು, ರಾಜನ ಜೊತೆ ಎರಡು ಪ್ಯಾದೆ ಉಳಿದಿದ್ದವು. ಆದರೂ ಅವನು ಒಂದೊಂದು ನಡೆಗೂ ಗಲ್ಲ ತುರಿಸಿಕೊಳ್ಳುತ್ತ ವಿಚಾರ ಮಾಡುತ್ತಿದ್ದ. ಅತ್ತ ತಾಟು ಹಾಕಿದ್ದರು, ಬೀಗರು ಕಾಯುತ್ತಿದ್ದರು, ಪರಪ್ಪನ ಮೈಯೆಲ್ಲ ಇರುವೆ ಹರಿದಂತಾಗುತ್ತಿತ್ತು.

“ಮಾವ, ಸೋತೀರಿ, ಏಳ್ರಿ. ಊಟಕ್ಕ ಹಚ್ಯಾರ. ಇಷ್ಟೂ ತಿಳಿಯೂದಿಲ್ಲೇನ್ರಿ ನಿಮಗ?” ಅಂದವನೇ ಮಣೆಯ ಮೇಲೆ ಕೈಯಾಡಿಸಿ ಕಾಯಿಗಳನ್ನೆಲ್ಲ ಚೆಲ್ಲಿಬಿಟ್ಟ. ನಾಲ್ಕು ಮಂದಿ ನಕ್ಕರು. ಶಂಕ್ರೆಪ್ಪ ಎದ್ದ, ಹೆಗಲ ಮೇಲಿನ ವಸ್ತ್ರ ಜಾಡಿಸಿದ, ಉಣ್ಣದೇ ಹೋದ. ಲಕ್ಕವ್ವ ಕಣ್ಣೊರೆಸಿಕೊಳ್ಳುತ್ತ ಅವನ ಹಿಂದೆ ಹೋದಳು. ಅಂದಿನಿಂದ ಅವಳು ನಾಗರ ಪಂಚಮಿಗೆ ತವರಿಗೆ ಬಂದಿಲ್ಲ. ಕರೆಯಲು ತಮ್ಮನೇ ಹೋಗಬೇಕಾದದ್ದು ನಮ್ಮ ಕಡೆಯ ಪದ್ಧತಿ. ಈ ಮಹಾರಾಯ ಒಂಬತ್ತು ವರ್ಷವೂ ಯಾರದೋ ಕೈಯಲ್ಲಿ ಹೇಳಿ ಕಳಿಸಿದ, ತಾನು ಹೋಗಲಿಲ್ಲ. ಮುಖ ಇರಲಿಲ್ಲ ಅನ್ನಿ.

ಫೋನಿನಲ್ಲಿ ಆಟ ಹಾಕಿಕೊಟ್ಟವಳು ಅವನ ಮಗಳು ಭಾಗ್ಯಾ, ಸಿಂದಗಿಯಲ್ಲಿ ಹೈಸ್ಕೂಲ್ ಟೀಚರು. ಅಪ್ಪನಿಗೆ ಇಂಗ್ಲಿಷ್ ಬೇಸರ ಅಂತ ಅಕ್ಷರವನ್ನೆಲ್ಲ ಕನ್ನಡಕ್ಕೆ ತಿರುಗಿಸಿದಳು. ಮೊದಮೊದಲು ಮುದ್ದೇಬಿಹಾಳದ ಕಡೆಯ ಯಾರೋ ಮಾಸ್ತರನ ಜೊತೆ ಹಚ್ಚಿಕೊಟ್ಟಳು. ಆ ಮಾಸ್ತರ ವಜೀರ ಹೋದ ಕೂಡಲೇ ಆಟ ಬಿಟ್ಟ. ಓಡಿಹೋದನಲ್ಲ ಅಂತ ಪರಪ್ಪ ರೇಗಿದ. ಆಗ ಭಾಗ್ಯಾ ಹೇಳಿದಳು: ಫೋನಿನ ಆಟದಲ್ಲಿ ಅದೇ ಮರ್ಯಾದೆ, ಸೋಲು ಖಾತ್ರಿಯಾದ ಮೇಲೂ ಎಳೆಯುತ್ತ ಕೂತರೆ ಎದುರಿನವನಿಗೆ ಆಟ ಗೆಲ್ಲಲು ಬರುವುದಿಲ್ಲ ಅಂದ ಹಾಗೆ. ಪರಪ್ಪನಿಗೆ ಎಲ್ಲಿಲ್ಲದ ಹಿಗ್ಗು. ಹಾಗಾದರೆ ಅಂದು ತಾನು ಹೇಳಿದ್ದೇ ಸರಿ! ಹೆಂಡತಿಗೆ, ಚಹಾದಂಗಡಿಯವನಿಗೆ, ಹೊಲಕ್ಕೆ ವಾರಸುದಾರರ ಹೆಸರು ಹಚ್ಚಿಸಲು ಬಂದ ಹೊರ್ತಿಯ ಮುದುಕನಿಗೂ ಇದನ್ನೇ ಹೇಳಿಕೊಂಡು ತಿರುಗಿದ.

ಆಮೇಲೆ ಭಾಗ್ಯಾ ಒಂದು ದಿನ ಸದ್ದಿಲ್ಲದೆ ಗೊಳಸಂಗಿಯ ಸೋದರತ್ತೆಯ ಗಂಡನ ಫೋನಿಗೂ ಆಟ ಹಾಕಿ, ಅಪ್ಪನ ಹೆಸರಿಗೆ ಜೋಡಿಸಿದಳು. ಒಂದು ನಡೆಗೆ ಮೂರು ದಿನ ಗಡುವು. ಶಂಕ್ರೆಪ್ಪ ಒಲ್ಲೆ ಅನ್ನಲಿಲ್ಲ. ಮರುದಿನ ಅವನ ರಾಜನ ಮುಂದಿನ ಪ್ಯಾದೆ ಎರಡು ಮನೆ ಮುಂದೆ ಬಂತು. ಬೇವಿನ ಮರದ ಕೆಳಗೆ ಪರಪ್ಪ ಕುರ್ಚಿಯಿಂದ ಎದ್ದು ನಿಂತ. ಒಂಬತ್ತು ವರ್ಷದ ಮೇಲೆ ಮಾವನಿಂದ ಬಂದ ಮೊದಲ ಮಾತು ಅದು.

ಮೊದಲ ಆಟದಲ್ಲಿ ಪರಪ್ಪ ಒಂದು ಆನೆ ಹೆಚ್ಚು ಇಟ್ಟುಕೊಂಡ. ಗೆಲುವು ಕಣ್ಣಿಗೆ ಕಾಣುತ್ತಿತ್ತು. ಆಗ ಅವನಿಗೆ ಅನ್ನಿಸಿತು, ಮತ್ತೆ ಮಾವನನ್ನು ಸೋಲಿಸಿ ಮಾಡುವುದಾದರೂ ಏನು? ಅಕ್ಕ ಪಂಚಮಿಗೆ ಬಂದರೆ ಸಾಕು. ಪರದೆಯ ಕೆಳಗೆ ನೋಡಿದರೆ ಒಂದು ಪುಟ್ಟ ಬಾವುಟ, ಪಕ್ಕದಲ್ಲಿ ‘ರಾಜೀನಾಮೆ’ ಅಂತ ಬರೆದಿತ್ತು. ಪರಪ್ಪನ ಮುಖ ಅರಳಿತು.

ಇಲ್ಲೇ ನೋಡಿ ಎಡವಟ್ಟಾದದ್ದು. ಆ ಮರದ ಕೆಳಗೆ ಮೂವತ್ತು ವರ್ಷದಿಂದ ಅವನು ಬರೆದ ರಾಜೀನಾಮೆಗಳಿಗೆ ಒಂದೇ ಅರ್ಥ. ಅಣ್ಣ ತಮ್ಮ ಬದುವಿಗೆ ಬಡಿದಾಡಿ ಕೋರ್ಟಿಗೆ ಹೋಗಿ, ಕಡೆಗೆ ಸಾಕಾಗಿ, ನಾವು ರಾಜಿಯಾದೆವು ಅಂತ ಎರಡೂ ಕಡೆಯವರು ಸಹಿ ಹಾಕಿ ಕೊಡುವ ಕಾಗದ. ಊರ ಬಾಯಲ್ಲಿ ಅದು ರಾಜಿನಾಮಾ. ನೌಕರಿ ಬಿಡುವವರೂ ರಾಜೀನಾಮೆ ಕೊಡುತ್ತಾರೆ ನಿಜ, ಆದರೆ ನೌಕರಿ ಬಿಡುವವನು ಪರಪ್ಪನ ಮೇಜಿಗೆ ಯಾಕೆ ಬಂದಾನು? ಅವನು ಬಾವುಟ ಒತ್ತಿದ. ‘ಖಚಿತವೇ?’ ಅಂತ ಕೇಳಿತು. ಹೌದು ಅಂತ ಒತ್ತಿದ. ಅಷ್ಟರಲ್ಲಿ ಝಳಕಿಯವರು ಯಾರೋ ಅರ್ಜಿ ಬರೆಸಲು ಬಂದರು, ಫೋನು ಜೇಬಿಗೆ ಹೋಯಿತು. ಸಂಜೆ ತೆರೆದಾಗ ಆಟ ಮುಗಿದಿತ್ತು, ಮಾವನ ಹೊಸ ಆಟ ಶುರುವಾಗಿತ್ತು. ಮಾವ ರಾಜಿಗೆ ಒಪ್ಪಿದ ಅಂತಲೇ ಇವನ ಲೆಕ್ಕ.

ಎರಡನೆಯ ಆಟದಲ್ಲೂ ಅದೇ ಕಥೆ. ಕುದುರೆ ಹೆಚ್ಚಿತ್ತು, ಬಾವುಟ ಒತ್ತಿದ. ಎರಡು ರಾಜಿಯಾದ ಮೇಲೆ ಇನ್ನೇನು ಬೇಕು? ಜೋಕಾಲಿಗೆ ಹೊಸ ಹಗ್ಗ ತಂದ, ಲಕ್ಕವ್ವಕ್ಕ ಬರುತ್ತಾಳೆ, ಶೇಂಗಾ ಉಂಡಿ ಜಾಸ್ತಿ ಕಟ್ಟು ಅಂತ ಗುಂಡವ್ವನಿಗೆ ಹೇಳಿದ.

ಮೂರನೆಯ ಆಟದಲ್ಲಿ ಶಂಕ್ರೆಪ್ಪ ಸಿಟ್ಟಿಗೆದ್ದವನಂತೆ ಮುನ್ನುಗ್ಗಿ ಎಲ್ಲ ಕಾಯಿಯನ್ನೂ ಕಳೆದುಕೊಂಡ. ರಾಜನೊಬ್ಬನೇ ಉಳಿದ. ಅಲ್ಲಿಂದ ಶುರುವಾಯಿತು ನೋಡಿ ಪರಪ್ಪನ ನರಕ. ಒಂದು ನಡೆಗೆ ಮೂರು ದಿನ ಅಂದರೆ ಮೂರೂ ದಿನ ತೆಗೆದುಕೊಳ್ಳುವುದು, ಗಡುವಿಗೆ ಅರ್ಧ ತಾಸು ಉಳಿದಾಗ ರಾಜನನ್ನು ಒಂದು ಮನೆ ಸರಿಸುವುದು. ಪರಪ್ಪ ಊಟದ ನಡುವೆ ಫೋನು ನೋಡಿದ, ಪತ್ರ ಬರೆಯುತ್ತ ನೋಡಿದ, ಒಬ್ಬರ ಖಾತೆಯಲ್ಲಿ ಇನ್ನೊಬ್ಬರ ಅಪ್ಪನ ಹೆಸರು ಬರೆದು ಉಗಿಸಿಕೊಂಡ. ಈ ಆಟದ ರಾಜಿಯನ್ನು ಮಾತ್ರ ಅವನು ಪಂಚಮಿಯ ದಿನಕ್ಕೆ ಅಂತ ಎತ್ತಿಟ್ಟಿದ್ದ. ಉಡುಗೊರೆ ಅದು! ಆದರೆ ಗೊಳಸಂಗಿಯಿಂದ ಬರುತ್ತೇವೆ ಅನ್ನುವ ಸುದ್ದಿಯೇ ಇಲ್ಲ.

ಹಬ್ಬಕ್ಕೆ ಮೂರು ದಿನ ಇರುವಾಗ ಭಾಗ್ಯಾ ಬಂದಳು. ಅಪ್ಪನ ಫೋನು ತೆರೆದು ನೋಡಿ ಹುಬ್ಬು ಗಂಟಿಕ್ಕಿದಳು.

“ಅಪ್ಪಾ, ಇವೆರಡೂ ಆಟ ನೀ ಸೋತೀಯಲ್ಲ.”

“ಗೆಲ್ಲಾಕತ್ತಿದ್ದೆವ್ವಾ. ಮಾವಗ ಬ್ಯಾಸರಾಗಬಾರದಂತ ರಾಜಿನಾಮಾ ಕಳಿಸೇನಿ. ಅವರೂ ಒಪ್ಪ್ಯಾರ.”

ಭಾಗ್ಯಾ ಹಣೆ ಹಿಡಿದುಕೊಂಡಳು. “ಇದು ನಿನ್ನ ಕಚೇರಿ ರಾಜಿನಾಮಾ ಅಲ್ಲಪ್ಪಾ. ಇದನ್ನ ಒತ್ತಿದ್ರ, ನಾ ಸೋತೆ, ಆಟ ಬಿಟ್ಟೆ ಅಂತ ಅರ್ಥ.”

ಪರಪ್ಪನ ಕುಣಿಯುವ ಕಾಲು ಗಕ್ಕನೆ ನಿಂತಿತು. ಸಹಿ ಹಾಕುವ ಮೊದಲು ಓದ್ರಿ ಅಂತ ಸಾವಿರಾರು ಮಂದಿಗೆ ಹೇಳಿದವನು, ತಾನು ಓದಿರಲಿಲ್ಲ. ಭಾಗ್ಯಾ ಅತ್ತೆಗೆ ಫೋನು ಹಚ್ಚಿದಳು. ಲಕ್ಕವ್ವ ಒಂದೇ ಉಸಿರಿಗೆ ಎಲ್ಲ ಹೇಳಿದಳಂತೆ. ಮೊದಲನೆಯ ಸಲ ಕೈತಪ್ಪಿರಬೇಕು ಅಂತ ಅವಳ ಯಜಮಾನರು ಅಂದುಕೊಂಡಿದ್ದರಂತೆ. ಎರಡನೆಯ ಸಲ, ಗೆಲ್ಲುವ ಆಟ ಬಿಟ್ಟು ನನಗೆ ಭಿಕ್ಷೆ ಹಾಕುತ್ತಾನೆ ನಿನ್ನ ತಮ್ಮ, ಅಂದು ಕಾಯಿ ಚೆಲ್ಲಿದ, ಇಂದು ಗೆಲುವು ಒಗೆಯುತ್ತಾನೆ, ಹಬ್ಬಕ್ಕೆ ಆ ಮನೆಯ ಹೆಸರು ಎತ್ತಬೇಡ ಅಂದರಂತೆ.

ಪರಪ್ಪ ನಾಚಿಕೆಯಿಂದ ಕುಗ್ಗಿಹೋದ. ಈಗ ಬಾವುಟ ಒತ್ತಿದರೆ ಮೂರನೆಯ ಭಿಕ್ಷೆ. ಸಮ ಮಾಡೋಣ ಅಂತ ಕೇಳಿದರೆ ಅದೂ ಭಿಕ್ಷೆಯೇ. ಗಡುವು ಮೀರಲಿ ಅಂತ ಬಿಟ್ಟರೆ ಸಂಬಂಧವೇ ಮುಗಿಯುತ್ತದೆ. ಮರುದಿನ ಪಂಚಮಿಗೆ ಮುಂಚೆ ಬರುವ ರೊಟ್ಟಿ ಹಬ್ಬ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯ ಗಂಟು ಹಿಡಿದು ಬೆಳಿಗ್ಗೆ ಆರರ ಬಸ್ಸಿಗೆ ಹೊರಟ. ಬಸ್ಸು ಹೊರ್ತಿಯಲ್ಲಿ ನಿಂತಿತು, ಇಳಿದ, ಹತ್ತಿದ. ವಿಜಯಪುರದಲ್ಲಿ ಬಸ್ಸು ಬದಲಿಸಿದ. ಗೊಳಸಂಗಿ ಬರುವ ತನಕ ಹೇಳಬೇಕಾದ ಮಾತನ್ನು ಇಪ್ಪತ್ತು ಸಲ ಕಟ್ಟಿ ಬಿಚ್ಚಿದ್ದ.

ಶಂಕ್ರೆಪ್ಪ ಕಟ್ಟೆಯ ಮೇಲೆ ಕೂತಿದ್ದ, ಕೈಯಲ್ಲಿ ಫೋನು. ತಲೆ ಎತ್ತಿ ನೋಡಿದ. “ಮತ್ತೇನು ಒಗ್ಯಾಕ ಬಂದಿ?” ಅಂದ.

ಪರಪ್ಪ ರಾಜೀನಾಮೆಯ ಕಥೆ ಹೇಳಿದ. ಶಂಕ್ರೆಪ್ಪ ನಂಬಲಿಲ್ಲ. ಬಾಂಡ್ ರೈಟರನಿಗೆ ಓದಲು ಬರುವುದಿಲ್ಲ ಅಂದರೆ ಯಾರು ನಂಬುತ್ತಾರೆ? ಬಾಗಿಲಲ್ಲಿ ಲಕ್ಕವ್ವ ಸೆರಗು ಬಾಯಿಗೆ ಹಿಡಿದು ನಿಂತಿದ್ದಳು. ಪರಪ್ಪ ಅವಳ ಮುಖ ನೋಡಿದ, ಆಮೇಲೆ ಮಾವನ ಎದುರು ಕಟ್ಟೆಯ ಮೇಲೆ ಕಾಲು ಮಡಿಚಿ ಕೂತ.

“ಮಾವ, ಅವತ್ತ ಕಾಯಿ ಚೆಲ್ಲಿದ್ದು ನಂದ ತಪ್ಪಾತು. ನಿಮಗ ಬೇಕಾದಷ್ಟ ಹೊತ್ತು ಆಡ್ರಿ. ಮಾತ್ ಅನ್ನೂತನಕ ನಾ ಏಳೂದಿಲ್ಲ.”

ಶಂಕ್ರೆಪ್ಪ ಫೋನನ್ನು ಕಣ್ಣ ಹತ್ತಿರ ಹಿಡಿದ. ಬಹಳ ಹೊತ್ತಾದ ಮೇಲೆ ರಾಜನನ್ನು ಒಂದು ಮನೆ ಸರಿಸಿದ. ಎರಡು ಮೊಳ ದೂರ ಕೂತವರ ನಡೆ ಎಲ್ಲೆಲ್ಲೋ ಸುತ್ತಿ ಬರುತ್ತಿತ್ತು, ನೆಟ್‌ವರ್ಕ್ ಬೇರೆ ಬಿಕ್ಕುತ್ತಿತ್ತು. ಚಹಾ ಬಂತು, ಆರಿತು. ಬಿಸಿಲು ಕಟ್ಟೆಗೆ ಏರಿತು. ಪರಪ್ಪನ ಕಾಲು ಜೋಮು ಹಿಡಿಯಿತು, ಬೆನ್ನಲ್ಲಿ ಬೆವರು ಇಳಿಯಿತು, ಬೆರಳು ತುರಿಸುತ್ತಿತ್ತು. ಮಾವ ಗಲ್ಲ ತುರಿಸಿಕೊಳ್ಳುತ್ತಲೇ ಇದ್ದ. ಅಬ್ಬಾ, ಆ ಒಂದೂವರೆ ತಾಸು ಪರಪ್ಪ ಹೇಗೆ ಕೂತನೋ ಅವನಿಗೇ ಗೊತ್ತು! ಒಳಗೆ ತಾಟಿನ ಸಪ್ಪಳ ಕೇಳಿದರೂ ಆ ಕಡೆ ತಿರುಗಲಿಲ್ಲ.

ಕಡೆಗೆ ರಾಜ ಮೂಲೆಗೆ ಬಿದ್ದ. ಮಾತ್ ಆಗಲು ಇನ್ನು ಎರಡೇ ನಡೆ. ಪರಪ್ಪನ ಕೈ ತಡೆಯಲಿಲ್ಲ, ತಟ್ಟನೆ ವಜೀರನನ್ನು ತಂದು ಇಟ್ಟ.

ಫೋನು ಸಣ್ಣಗೆ ಸದ್ದು ಮಾಡಿತು. ‘ಆಟ ಸಮ’ ಅಂತ ಬಂತು. ಮೂಲೆಯ ರಾಜನಿಗೆ ಶಹ, ಅಂದರೆ ನೇರ ಏಟು, ಇರಲಿಲ್ಲ, ಸರಿಯಲು ಒಂದು ಮನೆಯೂ ಇರಲಿಲ್ಲ. ನಡೆಯೇ ಇಲ್ಲದ ಮೇಲೆ ಆಟ ಯಾರದೂ ಅಲ್ಲ.

“ಥೂ ನನ್ನ ಕೈಗೆ ಬೆಂಕಿ ಹಚ್ಚ!” ಪರಪ್ಪ ಹಣೆ ಚಚ್ಚಿಕೊಂಡ. ವಜೀರನನ್ನು ಬೈದ, ನೆಟ್‌ವರ್ಕ್ ಬೈದ, ತನ್ನನ್ನು ಹಡೆದ ಗಳಿಗೆಯನ್ನೂ ಬೈದ.

ಶಂಕ್ರೆಪ್ಪ ಕಣ್ಣು ಕಿರಿದು ಮಾಡಿ ಕೇಳಿದ. “ಬೇಕಂತ ಮಾಡ್ದೇನು?”

“ಬೇಕಂತ ಮಾಡಾಕ ನಂಗೇನ ಹುಚ್ಚ ಹಿಡದೈತೇನ್ರಿ? ಎರಡ ನಡಿಗ್ಯಾಗ ಮಾತ್ ಇತ್ತು! ಕೈಯಾಗಿಂದು ಕಳಕೊಂಡ್ನಲ್ರಿ!”

ಅಂದಮೇಲೆ, ಮಾವನ ಮುಂದೆ ದನಿ ಏರಿಸಿದೆನಲ್ಲ ಅಂತ ನಾಲಿಗೆ ಕಚ್ಚಿಕೊಂಡ. ಶಂಕ್ರೆಪ್ಪ ಅವನ ಕೆಂಪಾದ ಮುಖವನ್ನು ನೋಡಿದ. ಹತ್ತು ವರ್ಷದ ಪರಪ್ಪ ಸೋತಾಗಲೂ ಹೀಗೇ ಹಣೆ ಚಚ್ಚಿಕೊಳ್ಳುತ್ತಿದ್ದ. ಈ ಸಿಟ್ಟು ನಟನೆಯದಲ್ಲ. ಶಂಕ್ರೆಪ್ಪನ ಹೊಟ್ಟೆ ಕುಲುಕಿತು, ಹೆಗಲು ಕುಲುಕಿತು, ಆಮೇಲೆ ಕಣ್ಣಲ್ಲಿ ನೀರು ಬರುವಂತೆ ನಕ್ಕ. ಬಾಗಿಲಲ್ಲಿ ಲಕ್ಕವ್ವ ನಗುತ್ತಿದ್ದಳೋ ಅಳುತ್ತಿದ್ದಳೋ ಹೇಳಲಾಗದು.

“ಇದು ನೋಡ ಖರೇ ರಾಜಿನಾಮಾ,” ಅಂದ ಶಂಕ್ರೆಪ್ಪ. “ಏಳು ಪರಪ್ಪಾ. ಊಟಕ್ಕ ಹಚ್ಯಾಳ ನಿಮ್ಮಕ್ಕ.”

ಪರಪ್ಪ ಏಳಲು ಹೋದ, ಜೋಮು ಹಿಡಿದ ಕಾಲು ಏಳಗೊಡಲಿಲ್ಲ. ಮಾವನೇ ಕೈ ಕೊಟ್ಟು ಎಬ್ಬಿಸಿದ. ಉಂಡು ಕೈ ತೊಳೆಯುವಾಗ ನೋಡಿದರೆ ಲಕ್ಕವ್ವನ ಚೀಲ ಆಗಲೇ ಕಟ್ಟೆಯ ಮೇಲೆ ಬಂದಿತ್ತು. ಶಂಕ್ರೆಪ್ಪ ಹೆಗಲ ವಸ್ತ್ರ ಜಾಡಿಸಿ, ಚಪ್ಪಲಿ ಮೆಟ್ಟಿ, ತಾನೇ ಆ ಚೀಲ ಎತ್ತಿಕೊಂಡ.

“ನಾನೂ ಬರ್ತೇನಿ,” ಅಂದ. “ನಿಮ್ಮ ಮನ್ಯಾಗ ನಂದೊಂದ ಊಟ ಉಳದೈತಿ.”