ಎಮ್ಮೆ ಹುಡುಕಿದ ದುರ್ಬೀನು

ಅರವತ್ತರ ದಶಕದ ಮಾತು. ನಮ್ಮ ಪೊಲೀಸ್ ಗುರಿಕಾರರ ಬಂದೂಕಿಗೆ ಕೂಡಿಸಲು ಎರಡು ದುರ್ಬೀನು ಬಂದಿದ್ದವು, ಒಂದು ದೊಡ್ಡದು, ಒಂದು ಸಣ್ಣದು. ಒಂದನ್ನು ಆರಿಸುವ ಕೆಲಸ ನನ್ನದು. ತೇರಗಾಂವದ ಬಯಲಲ್ಲಿ ಕೂತು ಒಂದೊಂದನ್ನೇ ಕಣ್ಣಿಗೆ ಹಿಡಿದು ನೋಡುತ್ತಿದ್ದೆ. ನನ್ನ ಮನಸ್ಸೆಲ್ಲ ದೊಡ್ಡದರ ಮೇಲೇ ಇತ್ತು. ದೂರದ ಮರದ ಎಲೆಯ ನರವೂ ಅದರಲ್ಲಿ ಕಾಣುತ್ತಿತ್ತು.

ಅಷ್ಟರಲ್ಲಿ ಎಮ್ಮೆ ಕಳಕೊಂಡ ರೈತನೊಬ್ಬ ಹುಡುಕುತ್ತ ಬಂದ.

"ಸಾಹೇಬ್ರ, ಅದರಾಗ ಒಂದೀಟು ನೋಡ್ಲೇನ್ರಿ?"

ದೊಡ್ಡದನ್ನೇ ಕೊಟ್ಟೆ. ಬಹಳ ಹೊತ್ತು ಆಚೀಚೆ ತಿರುಗಿಸಿದ.

"ಬರೇ ಕೋಡು ಕಾಣ್ತಾವ್ರಿ. ಯಾರ ಎಮ್ಮಿ ಅಂತ ತಿಳೀವಲ್ದು."

ಸಣ್ಣದನ್ನು ಕೊಟ್ಟೆ. ಕಣ್ಣಿಗೆ ಹಚ್ಚಿದವನೇ ದನಿ ತಗ್ಗಿಸಿದ.

"ಎಮ್ಮಿ ನಮ್ಮದ ಐತ್ರಿ. ಬಾಜೂಕ ನಮ್ಮಾಕಿ ಬಡಿಗಿ ಹಿಡಕೊಂಡು ನಿಂತಾಳ."

ಎಮ್ಮೆಯ ಪಕ್ಕದಲ್ಲೇ ನಿಂತ ಅವನ ಹೆಂಡತಿ ದೊಡ್ಡದರ ಇಕ್ಕಟ್ಟಾದ ನೋಟದಲ್ಲಿ ಕಂಡೇ ಇರಲಿಲ್ಲ. ಗುಂಡು ಹಾರಿಸುವವನಿಗೆ ಮೊದಲು ಕಾಣಬೇಕಾದವರು ಗುರಿಯ ಪಕ್ಕದಲ್ಲಿರುವ ಅಂಥವರೇ. ನಮಗೆ ಸಣ್ಣದೇ ಸರಿ ಎಂದು ಅಲ್ಲೇ ಗಟ್ಟಿಮಾಡಿ, ಸಮಾಧಾನದಿಂದ ಅವನಿಗೂ ಹೇಳಿದೆ.

"ನಿಮಗ ಅದು ಬರೋಬ್ಬರಿ ಐತ್ರಿ," ಅಂದ. "ನನಗ ಮಾತ್ರ ದೊಡ್ಡದ ಚಲೋ. ಅದರಾಗ ಬರೇ ಎಮ್ಮಿ ಕೋಡು ಕಾಣ್ತಾವ."

ಹಾಗಂದು, ಬಡಿಗೆ ಇದ್ದ ಕಡೆಗೆ ಸಾವಕಾಶ ನಡೆದ.