ಗಳ ಬಿಟ್ಟ ಕೈ

ನನಗೆ ಹೊಳೆಯ ಹೆದರಿಕೆ. ಕೆರೆಯಲ್ಲಿ ಈಜುತ್ತೇನೆ, ಆದರೆ ಆಟಿ ತಿಂಗಳ ಮಳೆಗೆ ಉಕ್ಕಿದ ಕುಮಾರಧಾರೆ ಕೆರೆ ಅಲ್ಲ. ಆದರೂ ಹೊಳೆ ದಾಟಿಸುವ ಕಡವಿನ ದೋಣಿಗೆ ಒಬ್ಬ ಆಳು ಬೇಕಂತೆ ಎಂದು ಆಲಂಕಾರಿನ ಅಂಗಡಿಯಲ್ಲಿ ಕೇಳಿದ ದಿನವೇ ಹೋದೆ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವನಿಗೆ ಬೇರೆ ಎಂತ ಕೆಲಸ ಸಿಗುತ್ತದೆ? ಇದೂ ಸಿಗದಿದ್ದರೆ ಘಟ್ಟದ ಕಾಫಿ ತೋಟಕ್ಕೆ ಹೋಗು ಎಂದು ಮಾವ ಹೇಳಿಬಿಟ್ಟಿದ್ದರು. ಹಿಂದಿನ ವರ್ಷ ನನ್ನ ಅಣ್ಣ ಹೋಗಿದ್ದ. ಚಳಿಜ್ವರ ಹಿಡಿದು ಅಲ್ಲಿಯೇ ಸತ್ತ.

ಕಡವಿನ ಗುತ್ತಿಗೆ ಒಬ್ಬ ಬ್ಯಾರಿ ಸಾಹೇಬರದ್ದು. ನಾನು ಹೋಗುವಾಗ ಇನ್ನೊಬ್ಬ ಬಂದಾಗಿತ್ತು. ಸಮುದ್ರದ ಬದಿಯವನು, ಹನ್ನೆರಡು ವರ್ಷ ದೋಣಿ ನಡೆಸಿದವನು. ತೋಳು ನೋಡಿದರೇ ಗೊತ್ತಾಗುತ್ತಿತ್ತು. ನನಗೆ ದೋಣಿ ಗೊತ್ತಿಲ್ಲ ಎಂದಾಗ ದಾಟಲು ಕಾಯುತ್ತಿದ್ದ ಪೆರಾಬೆಯ ಮುದುಕರೊಬ್ಬರು ನಕ್ಕರು.

"ಇವನನ್ನು ಇಟ್ಕೊಂಡ್ರೆ ನಾನು ಮುಳುಗಿ ಸತ್ತ ಬೊಜ್ಜದ ಊಟ ನೀವೇ ಹಾಕ್ಬೇಕು ಸಾಹೇಬ್ರೇ."

ಸಾಹೇಬರು ಇಬ್ಬರಿಗೂ ಒಂದೇ ಮಾತು ಹೇಳಿದರು. ನಡು ಹೊಳೆಯಲ್ಲಿ ನೀರಿನ ಅಡಿಗೆ ಬಂಡೆ ಉಂಟು. ಅದರ ಸಂದಿಯಲ್ಲಿ ಬಿದಿರಿನ ಗಳ ಸಿಕ್ಕಿಕೊಳ್ಳುತ್ತದೆ. ಬಿಡು ಎಂದ ಕೂಡಲೇ ಬಿಡಬೇಕು, ಎಳೆಯಬಾರದು. ದೋಣಿಯಲ್ಲಿ ಬೇರೆ ಗಳ ಉಂಟು. ಸಮುದ್ರದ ಬದಿಯವನು ಮುಖ ಸಿಂಡರಿಸಿದ. ಅವನ ಊರಿನಲ್ಲಿ ಅಡಿಗೆ ಬರೀ ಮೆತ್ತಗಿನ ಹೊಯ್ಗೆ, ಬಂಡೆ ಇಲ್ಲ. ಗಳ ಕಳೆದವನನ್ನು ಅಲ್ಲಿ ಯಾರೂ ಕೆಲಸಕ್ಕೆ ಕರೆಯುವುದಿಲ್ಲವಂತೆ.

ಖಾಲಿ ದೋಣಿಯಲ್ಲಿ ಮೂವರೂ ಹೊರಟೆವು. ಸಾಹೇಬರು ಹಿಂದೆ ಹುಟ್ಟು ಹಿಡಿದು ಕೂತರು. ಅವನು ಗಳ ಊರಿದ್ದೇ ದೋಣಿ ಬಾಣದ ಹಾಗೆ ಹೋಯಿತು. ನನ್ನ ಕೆಲಸ ಹೋಯಿತು ಎಂದುಕೊಂಡೆ.

ನಡುವಿನಲ್ಲಿ ಗಳ ಸಿಕ್ಕಿಕೊಂಡಿತು. ಸಾಹೇಬರು ಬಿಡು ಎಂದು ಕೂಗಿದರು. ಅವನು ಇನ್ನೂ ಗಟ್ಟಿ ಹಿಡಿದ. ದೋಣಿ ಅವನ ಕಾಲಡಿಯಿಂದ ಜಾರಿತು. ಒಂದು ಗಳಿಗೆ ಗಳಕ್ಕೆ ಜೋತುಬಿದ್ದ, ಆಮೇಲೆ ಕಾಣಲಿಲ್ಲ. ಸ್ವಲ್ಪ ಹೊತ್ತಿಗೆ ಕೆಳಗೆ ದಡದ ಹತ್ತಿರ ಅವನ ತಲೆ ಎದ್ದಿತು, ಈಜಿ ದಡ ಹತ್ತಿದ.

ಸಾಹೇಬರು ಇನ್ನೊಂದು ಗಳವನ್ನು ನನ್ನ ಕಡೆ ದೂಡಿದರು. ಎದ್ದು ಅವನ ಜಾಗದಲ್ಲಿ ನಿಂತೆ. ಮೂರು ಸಲ ಊರಿದೆ. ನಾಲ್ಕನೆಯ ಸಲ ಅಡಿಯಿಂದ ಯಾರೋ ಹಿಡಿದು ಎಳೆದ ಹಾಗಾಯಿತು. ಗಳ ನನ್ನ ಕೈಯಲ್ಲಿ ಇರಲಿಲ್ಲ. ಸಾಹೇಬರು ಹುಟ್ಟು ಹಾಕಿಯೇ ದೋಣಿಯನ್ನು ದಡಕ್ಕೆ ತಂದರು.

ಒದ್ದೆಯಾಗಿ ನಿಂತಿದ್ದವನು ಹೇಳಿದ, "ಹನ್ನೆರಡು ವರ್ಷದಲ್ಲಿ ಒಂದು ಗಳವನ್ನೂ ಬಿಟ್ಟವನಲ್ಲ ನಾನು."

"ಅದೇ ಮಾರಾಯ ಕಷ್ಟ. ನೀನು ಕಲ್ತದ್ದನ್ನು ಬಿಡಿಸ್ಲಿಕ್ಕೆ ನನಗೆ ಇನ್ನು ಹನ್ನೆರಡು ವರ್ಷ ಬೇಕು. ಇವನಿಗೆ ಎಂತದೂ ಗೊತ್ತಿಲ್ಲ. ಆದ್ರೆ ಬಿಡು ಅಂದ ಕೂಡ್ಲೆ ಬಿಟ್ಟ." ಸಾಹೇಬರು ನನ್ನ ಕಡೆ ತಿರುಗಿದರು. "ನಾಳೆ ಬೆಳಿಗ್ಗೆ ಬಾ."

ಅವರು ಬಿಡು ಎಂದದ್ದು ನನಗೆ ಕೇಳಿಯೇ ಇರಲಿಲ್ಲ. ಹೆದರಿ ಕೈ ತಾನಾಗಿ ಬಿಟ್ಟಿತ್ತು. ಹೇಳಲು ಬಾಯಿ ತೆರೆದೆ. ಅಣ್ಣನ ನೆನಪಾಯಿತು. ಆಯ್ತು ಎಂದೆ.

ಮರುದಿನ ಹದಿನಾಲ್ಕು ಜನ ಹತ್ತಿದರು. ಪೆರಾಬೆಯ ಮುದುಕರು ನನ್ನ ಎದುರಿಗೇ ಕೂತರು. ಹಿಡಿ ಎಂದು ಸಾಹೇಬರು ಕೂಗಿದರೆ ಈ ಕೈ ಹಿಡಿಯುತ್ತದೋ ಇಲ್ಲವೋ, ನನಗೆ ಗೊತ್ತಿರಲಿಲ್ಲ. ಗಳ ಊರಿದೆ.