ಸೋಮವಾರದವರು

ಟಿ. ನರಸೀಪುರದ ಆಚೆ, ಕಾವೇರಿಯ ನಡುಗಡ್ಡೆಯೊಂದರಲ್ಲಿ ಹರಿಗೋಲಿಗೆ ಕಾಯುತ್ತಾ ಇದನ್ನು ಗೀಚುತ್ತಿದ್ದೇನೆ. ಕೈಯಿಂದ ಮೀನಿನ ವಾಸನೆ ಇನ್ನೂ ಹೋಗಿಲ್ಲ. ಇಲ್ಲಿರುವುದು ಮೀನು ಹಿಡಿಯುವವರ ಹತ್ತು ಮನೆ. ಬಂದವರಿಗೆ ಮುದ್ದೆ, ಮೀನುಸಾರು ಮಾಡಿ ಬಡಿಸುವವರು ಸಣ್ಣಮ್ಮ.

ಹತ್ತು ವರ್ಷದ ಹಿಂದೆ ಅಪ್ಪ, ಅಮ್ಮ, ನಾನು ನಂಜನಗೂಡಿನಿಂದ ಈ ಊಟಕ್ಕೆಂದೇ ಬಂದಿದ್ದೆವು. ಅಪ್ಪನಿಗೆ ರಜೆ ಸಿಗುವುದೇ ಅಪರೂಪ. ಆ ಖುಷಿಯಲ್ಲಿ ಯಾರೂ ವಾರ ನೋಡಿರಲಿಲ್ಲ. ಸಣ್ಣಮ್ಮ ಸಾರಿಗೆ ಸೌಟು ಹಾಕಿದಾಗ ಅಮ್ಮ ಮೆಲ್ಲಗೆ, "ಇವತ್ತು ಸೋಮ್ವಾರ ಕಣ್ರೀ" ಅಂದಳು. ನಂಜುಂಡೇಶ್ವರನ ವಾರ, ನಮ್ಮನೆಯಲ್ಲಿ ಮೀನು ಮುಟ್ಟುವುದಿಲ್ಲ. ಅಪ್ಪ ಪಾತ್ರೆಯ ಕಡೆ ಒಂದು ಸಲ ನೋಡಿ, ಮುದ್ದೆಗೆ ಮಜ್ಜಿಗೆ ಹಾಕಿಸಿಕೊಂಡರು. ಹೊರಡುವಾಗ, "ಇನ್ನೊಂದ್ಸಲ ಭಾನ್ವಾರ ಬತ್ತೀವಿ ಕಣಮ್ಮ" ಅಂದರು. ಬರಲಾಗಲಿಲ್ಲ.

ಇವತ್ತು ಭಾನುವಾರವೇ ಬಂದೆ. ಸಣ್ಣಮ್ಮ ನನ್ನ ಮುಖವನ್ನೇ ದಿಟ್ಟಿಸಿ, "ನೀವು ಆ ಸೋಮ್ವಾರದೋರಲ್ವಾ ಸಾ? ಅಪ್ಪಾವ್ರು ಬರ್ನಿಲ್ವಾ?" ಅಂದರು.

"ಅಪ್ಪ ತೀರ್ಕೊಂಡು ಮೂರು ವರ್ಷ ಆಯ್ತು."

ಅವರು ಒಲೆಯ ಸೌದೆಯನ್ನು ಒಳಗೆ ತಳ್ಳಿದರು. ಆಮೇಲೆ ಸಾರಿನ ತಳ ತಡಕಿ, ದೊಡ್ಡದೊಂದು ಮೀನಿನ ತಲೆಯನ್ನು ನನ್ನ ಎಲೆಗೆ ಹಾಕಿದರು.

"ಅವತ್ತು ಅವರ್ಗೇ ಅಂತ ತಲೆ ಎತ್ತಿಕ್ಕಿದ್ದೆ. ನೀವು ಉಣ್ಣಿ."

ನಮ್ಮನೆಯಲ್ಲಿ ತಲೆ ಯಾವತ್ತಿಗೂ ಅಪ್ಪನ ತಟ್ಟೆಗೇ. ನಾನು ಅದನ್ನು ಬಿಡಿಸಿ ತಿಂದವನೇ ಅಲ್ಲ. ಎಲ್ಲಿಂದ ಬಿಡಿಸಬೇಕು ಅಂತ ಸಣ್ಣಮ್ಮನನ್ನೇ ಕೇಳಿದೆ.